ಸಾಲು ಬಿಟ್ಟವಳು ಕೊನೆಗೆ ವಾಪಸ್ ಬರಬೇಕಾ?

ಸಮಕಾಲೀನ ನೃತ್ಯದಲ್ಲಿ ಮತ್ತೆ ಮತ್ತೆ ಕಾಣುವ ದೃಶ್ಯ ಇದು. ಎಲ್ಲರೂ ಒಂದೇ ತಾಳಕ್ಕೆ ಹೆಜ್ಜೆ ಹಾಕುತ್ತಿರುವಾಗ ಒಬ್ಬಳು ಸಾಲು ಬಿಟ್ಟು ಹೊರಗೆ ಬರುತ್ತಾಳೆ. ಕೊನೆಯಲ್ಲಿ ಅವಳು ಮತ್ತೆ ಆ ಸಾಲಿಗೆ ಸೇರಬೇಕಾ?

ಪರ

ಸೇರಬೇಕು. ನಾವು ಜಗಳ ಆಡೋದು ನಮ್ಮವರ ಜೊತೆಗೇ ಅಲ್ವಾ? ಸಂಬಂಧವೇ ಇಲ್ಲದವರ ಮೇಲೆ ಯಾರೂ ಬಂಡೇಳುವುದಿಲ್ಲ. ಅವಳು ಒಬ್ಬಳೇ ಕುಣಿಯುವಾಗ ಕಾಲು ನೋಡಿ. ಕೈ ಏನೇ ಹೇಳುತ್ತಿರಲಿ, ಹಿಮ್ಮಡಿ ಹಳೇ ತಾಳವನ್ನೇ ತಟ್ಟುತ್ತಿರುತ್ತದೆ.

ಅವಳು ಮರಳಿ ಬಂದರೆ ಸಾಲೂ ಮೊದಲಿನ ಹಾಗೆ ಇರುವುದಿಲ್ಲ. ಪಕ್ಕದವಳು ಅರ್ಧ ಹೆಜ್ಜೆ ಸರಿದು ಜಾಗ ಬಿಡಬೇಕು. ನನಗಂತೂ ಇಡೀ ನೃತ್ಯ ಆ ಅರ್ಧ ಹೆಜ್ಜೆಯಲ್ಲೇ ಇದೆ. ಅವಳನ್ನು ಹೊರಗೇ ನಿಲ್ಲಿಸಿ ದೀಪ ಆರಿಸಿದರೆ ನೋಡುವವರು ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ಗುಂಪು ಬದಲಾಗುವ ಕಷ್ಟ ಯಾರ ಕಣ್ಣಿಗೂ ಬೀಳುವುದಿಲ್ಲ.

ವಿರೋಧ

ಬೇಡ. 1929ರಲ್ಲಿ ಅಮೆರಿಕದ ನೃತ್ಯಗಾರ್ತಿ ಮಾರ್ಥಾ ಗ್ರಹಾಂ ‘ಹೆರೆಟಿಕ್’ (ಮತದ್ರೋಹಿ) ಎಂಬ ನೃತ್ಯ ಮಾಡಿದರು. ಕಪ್ಪು ಉಡುಪಿನ ಹೆಂಗಸರು ಒತ್ತೊತ್ತಾಗಿ ಗೋಡೆಯಂತೆ ನಿಲ್ಲುತ್ತಾರೆ. ಬಿಳಿ ಉಡುಪಿನ ಗ್ರಹಾಂ ಒಬ್ಬರೇ. ಹತ್ತಿರ ಹೋದಾಗಲೆಲ್ಲ ಗೋಡೆ ಅಡ್ಡ ಬರುತ್ತದೆ. ಕೊನೆಗೆ ಅವರು ನೆಲಕ್ಕೆ ಕುಸಿಯುತ್ತಾರೆ. ಅರ್ಧ ಹೆಜ್ಜೆ ಸರಿಯುವವರು ಅಲ್ಲಿ ಒಬ್ಬರೂ ಇಲ್ಲ.

ಹುಡುಗಿಯೊಬ್ಬಳನ್ನು ಬಲಿ ಕೊಡುವ ಕಥೆಯ ‘ರೈಟ್ ಆಫ್ ಸ್ಪ್ರಿಂಗ್’ಗೆ ಸಂಗೀತ ಬರೆದವರು ರಷ್ಯಾದ ಸ್ಟ್ರಾವಿನ್‌ಸ್ಕಿ. ಜರ್ಮನಿಯ ನೃತ್ಯ ಸಂಯೋಜಕಿ ಪೀನಾ ಬೌಶ್ 1975ರಲ್ಲಿ ಆ ಸಂಗೀತಕ್ಕೆ ನೃತ್ಯ ಕಟ್ಟಿದಾಗ ರಂಗದ ತುಂಬಾ ಮಣ್ಣು ಹರಡಿಸಿದರು. ಒಂದು ಕೆಂಪು ಉಡುಪು ಹುಡುಗಿಯರ ಕೈಯಿಂದ ಕೈಗೆ ಹೋಗುತ್ತದೆ. ಹಿಡಿದವಳ ಮುಖದಲ್ಲಿ ಹೆದರಿಕೆ. ಕೊನೆಗೆ ಅದು ಒಬ್ಬಳ ಮೈಮೇಲೆ ಬರುತ್ತದೆ. ಬೆವರಿಗೆ ಮಣ್ಣು ಮೆತ್ತಿಕೊಂಡು, ಏದುಸಿರು ಬಿಡುತ್ತಾ, ಅವಳು ಕುಣಿದು ಕುಣಿದು ಬೀಳುತ್ತಾಳೆ. ಉಳಿದವರು ಸುಮ್ನೆ ನೋಡುತ್ತಾ ನಿಂತಿರುತ್ತಾರೆ. ಅದೇ ಮಣ್ಣು ಅವರ ಮೈಗೂ ಮೆತ್ತಿದೆ. ಅವಳು ಬಂಡೆದ್ದವಳೂ ಅಲ್ಲ, ಆ ಗುಂಪಿನವಳಾಗಿದ್ದಕ್ಕೇ ಬಲಿಯಾದವಳು. ಇಂಥ ಸಾಲಿಗೆ ಯಾರನ್ನಾದರೂ ಹೇಗೆ ವಾಪಸ್ ಕಳಿಸೋದು?

ಎಲ್ಲರೂ ಕೈಕೈ ಹಿಡಿದು ನಿಂತರೆ ನೋಡುವವರಿಗೆ ನೆಮ್ಮದಿ, ನಿಜ. ಆದರೆ ಮನೆಯವರೇ ಹೊರಗೆ ಹಾಕಿದವರೂ ಅದೇ ಕತ್ತಲಲ್ಲಿ ಕೂತು ನೋಡುತ್ತಿರುತ್ತಾರೆ. ಅವರ ಮುಂದೆ ಅಷ್ಟು ಸುಲಭವಾಗಿ ಬಾಗಿಲು ತೆರೆದು ತೋರಿಸೋದು ನನ್ನಿಂದಾಗದು. ನಾನಾಗಿದ್ದರೆ ಅವಳನ್ನು ಸಾಲಿನಿಂದ ದೂರವೇ ನಿಲ್ಲಿಸುತ್ತೇನೆ. ಅವಳ ಉಸಿರು ಕೊನೇ ಸಾಲಿನವರಿಗೂ ಕೇಳಿಸಲಿ.