ಬಟ್ ಇಲ್ಲದ ಶಾಟ್‌ಗನ್ ಮನೆ ಕಾಯುವುದಿಲ್ಲ

ಭುಜಕ್ಕೆ ಆನಿಸುವ ಬಟ್ ಇಲ್ಲದೆ, ಬರೀ ಪಿಸ್ತೂಲ್ ಹಿಡಿ ಇರುವ ಶಾಟ್‌ಗನ್ ಮನೆ ರಕ್ಷಣೆಗೆ ಒಳ್ಳೆಯದು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಚರೆ, ಅಂದರೆ ತೋಟಾದೊಳಗಿನ ಸಣ್ಣ ಗುಂಡುಗಳು, ಹರಡುತ್ತದೆ, ಗುರಿಯೇ ಬೇಡ ಅಂತಾನೂ ಹೇಳಿದ್ದೀರಿ. ನಾನು ಒಪ್ಪುವುದಿಲ್ಲ ಸರ್.

ನಳಿಗೆಯಿಂದ ಹೊರಟ ಚರೆ ಛತ್ರಿಯಂತೆ ಬಿಚ್ಚಿಕೊಳ್ಳುವುದಿಲ್ಲ. ಒಂದು ಕೋಣೆಯ ದೂರದಲ್ಲಿ, ಅಂದರೆ ನಾಲ್ಕೈದು ಮೀಟರಿನಲ್ಲಿ, ಅದು ಸುಮಾರು ಅಂಗೈ ಅಗಲ ಅಷ್ಟೇ. ಗುರಿ ತಪ್ಪಿದರೆ ಪೂರ್ತಿ ತಪ್ಪಿತು. ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ ಅಲ್ವಾ? 12 ಬೋರ್ (ನಳಿಗೆಯ ಅಳತೆ) ತೋಟಾ ಹಾರಿಸಿದಾಗ ಬಂದೂಕು ಹಿಂದಕ್ಕೆ ಒದೆಯುವುದು ಬಹಳ ಜೋರು. ಬಟ್ ಇದ್ದರೆ ಭುಜ ಅದನ್ನು ತಡೆಯುತ್ತದೆ, ಕೆನ್ನೆ ತಾಗಿಸಿ ಗುರಿಯೂ ಇಡಬಹುದು. ಇಲ್ಲದಿದ್ದರೆ ಎಲ್ಲಾ ಮಣಿಕಟ್ಟಿನ ಮೇಲೆ. ಆಮೇಲೆ ಎರಡನೇ ತೋಟಾ ಎಲ್ಲಿಗೆ ಹೋಗುತ್ತದೋ ಹೇಳೋಕಾಗಲ್ಲ. ಇಕ್ಕಟ್ಟಿನಲ್ಲಿ ತಿರುಗಿಸೋಕೆ ಸುಲಭ, ಅದೊಂದು ನಿಜ.

ನಮ್ಮ ಗಂಗಾವತಿ ಕಡೆ ಕರಡಿ, ಚಿರತೆ ಭಯ ಜಾಸ್ತಿ. ಬೆಳೆ ಕಾಯೋಕೆ ಲೈಸೆನ್ಸ್ ಪಡೆದ ಹಿರಿಯರ ಹತ್ತಿರ ಮರದ ಬಟ್ಟಿನ ಹಳೇ ಜೋಡು ನಳಿಗೆ ಬಂದೂಕು ಇರುತ್ತದೆ. ನಿಮ್ಮ ಲೇಖನ ಓದಿದ ಹುಡುಗರು ಅದನ್ನೇ ಕತ್ತರಿಸಿ ಗಿಡ್ಡ ಮಾಡಿಸಿದರೆ ಏನು ಗತಿ? ಪರವಾನಗಿ ಇಲ್ಲದೆ ನಳಿಗೆ ಕತ್ತರಿಸುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಅಪರಾಧ. ಆತ್ಮರಕ್ಷಣೆಗೂ ಮಿತಿ ಇದೆ. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ನೇ ಸೆಕ್ಷನ್ ಓದಿ ನೋಡಿ, ಬೇಕಾದ್ದಕ್ಕಿಂತ ಹೆಚ್ಚು ಬಲ ಬಳಸುವ ಹಾಗಿಲ್ಲ. ಈ ಎರಡು ವಿಷಯವನ್ನು ದಯವಿಟ್ಟು ಲೇಖನದಲ್ಲೇ ಸೇರಿಸಿ. ರಾತ್ರಿ ನೀರು ಕಟ್ಟೋಕೆ ಹೋಗುವವರಿಗೆ ಬಂದೂಕಿಗಿಂತ ಒಳ್ಳೆ ಟಾರ್ಚು, ಜೊತೆಗೊಬ್ಬರು ಇದ್ದರೆ ಹೆಚ್ಚು ಉಪಯೋಗ ಅಂತಾನೂ ಬರೆಯಿರಿ.