ಸ್ಟವ್ ಮೇಲೆ ಮಲಗಿದ ಮುದುಕ

ಇವತ್ತು ಕೈಗೆ ಸಿಕ್ಕ, ಇಂಗ್ಲಿಷ್ ಮೂಲಕ ಬಂದ ಕನ್ನಡ ಅನುವಾದವೊಂದರಲ್ಲಿ ಟಾಲ್‌ಸ್ಟಾಯ್‌ನ ಮುದುಕನೊಬ್ಬ ಸ್ಟವ್ ಮೇಲೆ ಮಲಗಿ ಕೆಮ್ಮುತ್ತಿದ್ದಾನೆ. ಸೀಮೆಎಣ್ಣೆ ಸ್ಟವ್ವೋ ಗ್ಯಾಸ್ ಸ್ಟವ್ವೋ ಅಂತ ಹೇಳಿಲ್ಲ. ಅನುವಾದ ಯಾರದು ಅಂತ ಕೇಳಬೇಡಿ, ಹೇಳಲ್ಲ.

ಕಥೆ 1859ರ 'ಮೂರು ಸಾವುಗಳು'. ಸಾಯುತ್ತಿರೋ ಗಾಡಿಯಾಳು ಫ್ಯೋದೊರ್ ಮಲಗಿರೋದು 'ಪೆಚ್' ಮೇಲೆ. ಅಂದ್ರೆ ರೈತರ ಮನೆಯ ಒಂದು ಮೂಲೆಯನ್ನೇ ನುಂಗಿ ಕೂತ ಇಟ್ಟಿಗೆ ಒಲೆ. ಹೊಟ್ಟೆಯೊಳಗೆ ಬೆಂಕಿ, ಅಡುಗೆ. ನೆತ್ತಿಯ ಮೇಲೆ ಆಳು ಮಲಗೋವಷ್ಟು ಅಗಲದ ಕಟ್ಟೆ. ಗೋಡೆ ದಪ್ಪ, ಹಾಗಾಗಿ ಬೆಂಕಿ ಆರಿದ ಮೇಲೂ ಗಂಟೆಗಟ್ಟಲೆ ಕಾವು ಇರುತ್ತೆ. ಮುದುಕರು, ಮಕ್ಕಳು, ಕಾಯಿಲೆಯವರು ಮಲಗೋದು ಅಲ್ಲೇ. ಇಂಗ್ಲಿಷಿನವರು ಸ್ಟವ್ ಅಂದ್ರು, ಅವರಿಗೆ ಬೇರೆ ಪದ ಇರಲಿಲ್ಲ. ನಮಗೇನು ಬಂದಿತ್ತು? 'ಒಲೆಕಟ್ಟೆ' ಅಂದಿದ್ರೆ ಮುಗೀತಿತ್ತು.

ಒಂದು ಪದಕ್ಕೆ ಇಷ್ಟು ರಂಪ ಯಾಕೆ ಅಂದ್ರೆ, ಇದು ಒಂದು ಪದದ ಕಥೆ ಅಲ್ಲ. ರಷ್ಯನ್‌ನಲ್ಲಿ ಇರೋದು, ಕನ್ನಡದಲ್ಲೂ ಇರೋದು, ಇಂಗ್ಲಿಷಿನಲ್ಲಿ ಮಾತ್ರ ಇಲ್ಲದ್ದು ಒಂದು ರಾಶಿ ಇದೆ. ನಾವು ಇಂಗ್ಲಿಷಿನ ಬಾಗಿಲಲ್ಲಿ ಆ ರಾಶಿನೆಲ್ಲ ಕಳಚಿಟ್ಟು ಬರಿಗೈಲಿ ಕನ್ನಡಕ್ಕೆ ಬರ್ತೀವಿ.

ಚೆಕಾವ್‌ನ ಪಾತ್ರಗಳಿಗೆ ಬೇಜಾರಾಗೋದೇ ಕಸುಬು. 'ಮ್ನ್ಯೆ ಸ್ಕೂಶ್ನ' ಅಂತಾರೆ. ಮ್ನ್ಯೆ ಅಂದ್ರೆ ನನಗೆ, ಸ್ಕೂಶ್ನ ಅಂದ್ರೆ ಬೇಜಾರು. ಕ್ರಿಯಾಪದ ಇಲ್ಲ, 'ನಾನು' ಇಲ್ಲ. 'ನನಗೆ ಬೇಜಾರು', ಮುಗೀತು. ಇಂಗ್ಲಿಷಿಗೆ ಇದು ಬರಲ್ಲ, ಅದಕ್ಕೆ 'ಐ ಆ್ಯಮ್' ಬೇಕೇ ಬೇಕು. ಅಲ್ಲಿಂದ ನಮ್ಮವರು ಎತ್ತಿಕೊಂಡು ಬರೋದು 'ನಾನು ಬೇಸರಗೊಂಡಿದ್ದೇನೆ'. ಯಾವ ಮನೇಲಿ ಯಾರು ಹೀಗೆ ಬೇಸರಗೊಂಡಿದ್ದಾರೆ ಸ್ವಾಮಿ?

ಇನ್ನು ನೀನು-ನೀವು. ರಷ್ಯನ್‌ನಲ್ಲಿ 'ತಿ' ಅಂದ್ರೆ ನೀನು, 'ವಿ' ಅಂದ್ರೆ ನೀವು. ರಷ್ಯನ್ ಕವಿ ಪುಷ್ಕಿನ್ 1828ರಲ್ಲಿ ಇದರ ಮೇಲೇ ಒಂದು ಪದ್ಯ ಬರೆದ. ಅವನು ಮೆಚ್ಚಿದವಳು ಬಾಯ್ತಪ್ಪಿ ನೀವು ಬದಲು ನೀನು ಅಂದುಬಿಟ್ಟಳು, ಅಷ್ಟೇ ವಿಷಯ. ಟಾಲ್‌ಸ್ಟಾಯ್‌ನ 'ಅನ್ನಾ ಕರೆನಿನ' ಕಾದಂಬರಿಯಲ್ಲಿ ಹೆಂಡತಿ ಅನ್ನಾಗೆ ಕರೆನಿನ್ ಬರೆಯೋ ಕಾಗದ ನೋಡಿ, ಮೂರನೇ ಭಾಗದ 14ನೇ ಅಧ್ಯಾಯ. ಅವನು ಫ್ರೆಂಚಿನಲ್ಲಿ ಬರೀತಾನೆ. ಯಾಕಂದ್ರೆ ಫ್ರೆಂಚಿನ 'ನೀವು'ಗೆ ರಷ್ಯನ್ 'ನೀವು'ನಷ್ಟು ತಣ್ಣಗಿನ ಗುಣ ಇಲ್ಲವಂತೆ. ಟಾಲ್‌ಸ್ಟಾಯ್ ಬಾಯಿಬಿಟ್ಟು ಹೇಳಿದಾನೆ. ಇಂಗ್ಲಿಷ್ ಓದುಗ ಇಲ್ಲಿ ತಲೆ ಕೆರ್ಕೋಬೇಕು. ನಾವು ಕೆರ್ಕೋಬೇಕಿಲ್ಲ.

ಆದರೆ ನನ್ನ ಹೊಟ್ಟೆ ಉರಿಯೋದು ಚೆಕಾವ್‌ನ 'ನಾಯಿಮರಿಯ ಹೆಂಗಸು' ಕಥೆಯಲ್ಲಿ (1899). ಯಾಲ್ಟಾದ ಬಂದರುಕಟ್ಟೆ ಮೇಲೆ ಗೂರೊವ್ ಆ ಹೆಂಗಸಿಗೆ ಮೆಲ್ಲಗೆ 'ನಿಮ್ಮಲ್ಲಿಗೆ ಹೋಗೋಣ' ಅಂತಾನೆ. ನಿಮ್ಮಲ್ಲಿಗೆ. ಆಮೇಲೆ ಹೋಟೆಲ್ ಕೋಣೆ, ಮೇಜಿನ ಮೇಲೆ ಕಲ್ಲಂಗಡಿ. 'ನೀವೇ ಮೊದಲು ನನ್ನ ಮರ್ಯಾದೆ ಬಿಡ್ತೀರಿ' ಅನ್ನೋ ಅರ್ಥದ ಮಾತು ಅವಳದ್ದು. ಅವನು ಕಲ್ಲಂಗಡಿ ಕುಯ್ದು ನಿಧಾನಕ್ಕೆ ತಿಂತಾನೆ. ಆಮೇಲೆ ಬಾಯಿ ಬಿಟ್ಟಾಗ ಅವಳು 'ನೀನು' ಆಗಿಬಿಟ್ಟಿದಾಳೆ. ಅವಳಿಗೆ ಅವನು ಇನ್ನೂ 'ನೀವು'. ಇಡೀ ಕೋಣೆ ಆ ಎರಡು ಸರ್ವನಾಮಗಳ ಮಧ್ಯೆ ಇದೆ. ಇಂಗ್ಲಿಷಿನಲ್ಲಿ ಇಬ್ಬರಿಗೂ 'ಯೂ'. ಅದನ್ನ ನೋಡಿ ಕನ್ನಡ ಮಾಡೋನು ಊಹೆ ಹೊಡೀಬೇಕು, ಹೊಡೆದೇ ಹೊಡೀತಾನೆ. ಬಂದರುಕಟ್ಟೆಯಿಂದಲೇ 'ನಿನ್ನ ಕೋಣೆಗೆ ಹೋಗೋಣ'! ಮೆಟ್ಟಿಲು ಹತ್ತೋಕೆ ಮುಂಚೆನೇ ಕಥೆ ಮುಗೀತು.

ಇಲ್ಲಿ ನಿಜವಾದ ತೊಡಕೂ ಒಂದಿದೆ, ಒಪ್ತೀನಿ. ಅವನು ನೀನು, ಅವಳು ನೀವು ಅಂದ್ರೆ ನಮ್ಮ ಕಿವಿಗೆ ಅದು ಹತ್ತು ವರ್ಷ ಸಂಸಾರ ಮಾಡಿದ ಗಂಡ-ಹೆಂಡತಿ ಮಾತು. ಅದಕ್ಕೇ ಹೇಳೋದು, ಬಂದರುಕಟ್ಟೆ ಮೇಲಿನ ಆ 'ನಿಮ್ಮಲ್ಲಿಗೆ' ಕಿವಿಗೆ ಬೀಳಲೇಬೇಕು. ಅವನು ಬದಲಾಗಿದ್ದು ಕೇಳಿಸಿದ್ರೆ ಮಾತ್ರ ಅವಳು ಬದಲಾಗದ್ದೂ ಕೇಳಿಸುತ್ತೆ.

ದಾಸ್ತೋಯೆವ್‌ಸ್ಕಿ ನನಗೆ ಅಷ್ಟಕ್ಕಷ್ಟೆ. ಆದ್ರೆ ಅವನ 'ಅಪರಾಧ ಮತ್ತು ಶಿಕ್ಷೆ'ಯ ತನಿಖಾಧಿಕಾರಿ ಪೊರ್ಫಿರಿ ಕನ್ನಡದಲ್ಲಿ ಹುಟ್ಟಬೇಕಿತ್ತು. 'ವಿ ಇ ಉಬೀಲಿ-ಸ್' ಅಂತ ಪಿಸುಗುಡ್ತಾನೆ ಕೊಲೆ ಮಾಡಿದ ರಸ್ಕೋಲ್ನಿಕೊವ್‌ಗೆ. ಆ 'ಇ' ನಮ್ಮ ಒತ್ತಿ ಹೇಳೋ ಏಕಾರ. ಕೊನೆಯ 'ಸ್' ಅನ್ನೋದು 'ಸೂದರ್', ಅಂದ್ರೆ ಸ್ವಾಮಿ ಅನ್ನೋ ಪದ ಸವೆದು ಉಳಿದ ಬಾಲ. 'ನೀವೇ ಕೊಂದಿದ್ದು ಕಣ್ರೀ.' ಆ 'ರೀ'ಯಲ್ಲಿ ವಿನಯ ಇದೆ, ವಿನಯದ ಒಳಗೆ ಚಾಕು ಇದೆ. ಕಾನ್‌ಸ್ಟನ್ಸ್ ಗಾರ್ನೆಟ್‌ರ 1914ರ ಇಂಗ್ಲಿಷ್ ಅನುವಾದದಲ್ಲಿ ಇದು ಬರೀ 'ಕೊಲೆಗಾರ ನೀವು' ಆಯ್ತು, ಬಾಲ ಹೋಯ್ತು. ಗಾರ್ನೆಟ್‌ರನ್ನ ಬಯ್ಯೋದು ಈಗ ಫ್ಯಾಷನ್. ನಾನು ಬಯ್ಯಲ್ಲ. ಸುಮಾರು 70 ಸಂಪುಟ ಮಾಡಿದ ಹೆಂಗಸು, ಅವರ ಚೆಕಾವ್ ಈಗಲೂ ನನಗೆ ಇಷ್ಟ. ಅವರ ಭಾಷೇಲಿ 'ರೀ' ಇರಲಿಲ್ಲ, ನಮ್ಮಲ್ಲಿ ಇದೆ. ತಪ್ಪು ಯಾರದು?

'ಹೆಸರುಗಳೇ ತಲೆಗೆ ಹತ್ತಲ್ಲ' ಅನ್ನೋರಿಗೆ: ರೊದಿಯೋನ್, ರೋದ್ಯ, ರೋದೆಂಕ ಎಲ್ಲ ಒಬ್ಬನೇ, ಮೇಲಿನ ರಸ್ಕೋಲ್ನಿಕೊವ್. ರೋದೆಂಕ ಅಂದ್ರೆ ಮುದ್ದು. ದ್ಮಿತ್ರಿಯನ್ನ ಮಿತ್ಯ ಅಂದ್ರೆ ಸಲಿಗೆ, ಮಿತ್ಕ ಅಂದ್ರೆ ಅಸಡ್ಡೆ. ಕೃಷ್ಣಮೂರ್ತಿಯನ್ನ ಕಿಟ್ಟು, ಕಿಟ್ಟಣ್ಣ, ಕಿಟ್ಟ ಅಂತ ಕರೆಯೋ ಜನ ಇದಕ್ಕೆ ಗಾಬರಿ ಬೀಳೋದಾ?

ಈಗ ಬರುತ್ತೆ: 'ರಷ್ಯನ್ ಕಲಿತು ಅನುವಾದ ಮಾಡೋರು ಎಷ್ಟು ಜನ ಸಾರ್, ಇಂಗ್ಲಿಷ್ ಇಲ್ದಿದ್ರೆ ನಮಗೆ ಇಷ್ಟೂ ಸಿಗ್ತಿರಲಿಲ್ಲ.' ಸರಿ, ಸಿಗ್ತಿರಲಿಲ್ಲ. ಕಲೀರಿ ಅಂತ ಯಾರು ಹೇಳಿದ್ರು? ಅಕ್ಷರ 33, ಒಂದು ವಾರ ಸಾಕು. ಮೂಲಪಠ್ಯ ಅಂತರ್ಜಾಲದಲ್ಲಿ ಪುಕ್ಕಟೆ ಇದೆ. ಇಂಗ್ಲಿಷ್ ಇಟ್ಕೊಂಡೇ ಅನುವಾದಿಸಿ, ಸಂಭಾಷಣೆ ಬಂದಾಗ ಮಾತ್ರ ಮೂಲ ತೆಗೆದು 'ತಿ' ಇದೆಯಾ 'ವಿ' ಇದೆಯಾ ನೋಡಿ. ಸರ್ವನಾಮ ಇಲ್ದಿದ್ರೆ ಕ್ರಿಯಾಪದದ ಬಾಲ ನೋಡಿ: ವರ್ತಮಾನದಲ್ಲಿ 'ಶ್' ಇದ್ರೆ ನೀನು, 'ತೆ' ಇದ್ರೆ ನೀವು. ನಮ್ಮ ಬರ್ತೀಯ-ಬರ್ತೀರಿ ಥರಾನೇ. ಒಬ್ಬರ ಜೊತೆ ಆಡೋ ಮಾತು ಭೂತಕಾಲದಲ್ಲಿದ್ದು 'ಲಿ' ಅಂತ ಮುಗಿದ್ರೂ ನೀವೇ. ಮೇಲಿನ 'ಉಬೀಲಿ' ಹಾಗೆ. ಇದಕ್ಕೆ ಭಾಷೆ ಬರಬೇಕಿಲ್ಲ, ಕಣ್ಣಿದ್ರೆ ಆಯ್ತು.

ಕೊಳ್ಳೋರಿಗೂ ಒಂದು ಮಾತು. ಮೊದಲ ಪುಟ ಓದಿ ಮೋಸ ಹೋಗಬೇಡಿ, ಅದನ್ನ ಎಲ್ಲರೂ ತಿದ್ದಿರ್ತಾರೆ. ಯಾವ ಇಂಗ್ಲಿಷ್ ಅನುವಾದದಿಂದ ತಂದಿದ್ದು ಅಂತ ಹಾಕಿದಾರಾ ನೋಡಿ. ಆಮೇಲೆ ಚೆಕಾವ್ ಆದ್ರೆ ಬಂದರುಕಟ್ಟೆ ಪುಟ ತೆಗೀರಿ. 'ನಿಮ್ಮಲ್ಲಿಗೆ' ಇದ್ರೆ ದುಡ್ಡು ಕೊಡಿ. 'ನಿನ್ನ ಕೋಣೆಗೆ' ಇದ್ರೆ ಅಲ್ಲೇ ಇಟ್ಟು ಬನ್ನಿ, ಸ್ಟವ್ ಮೇಲಿನ ಮುದುಕನ ಪಕ್ಕ.