ಮರಳಿನಲ್ಲಿ ಪಾಟೀಸವಾಲು

ಸಮುದ್ರದಲ್ಲಿ ಉಂಗುರ ಕಳೆದುಕೊಂಡವರು ಯಾರೂ ‘ಎಲ್ಲಿ ಬಿತ್ತೋ ಗೊತ್ತಿಲ್ಲ’ ಎನ್ನುವುದಿಲ್ಲ. ಹಾಗೆಂದುಬಿಟ್ಟರೆ ನಮ್ಮ ಕೆಲಸ ಅರ್ಧ ಹಗುರವಾದೀತು. ಬದಲಿಗೆ, ಉಂಗುರವಿಲ್ಲದ ಬೋಳು ಬೆರಳನ್ನೇ ಚಾಚಿ, ‘ಇಲ್ಲೇ, ಸರಿಯಾಗಿ ಇಲ್ಲೇ’ ಎಂದು ತೋರಿಸುತ್ತಾರೆ. ಪಕ್ಕದಲ್ಲಿ ನಿಂತ ಹೆಂಡತಿಯೋ ಗಂಡನೋ ಇನ್ನೊಂದು ದಿಕ್ಕಿಗೆ ಕೈ ಮಾಡಿ, ‘ಅಲ್ಲ, ಅಲ್ಲಿ’ ಎನ್ನುತ್ತಾರೆ. ಈ ಇಲ್ಲಿಗೂ ಆ ಅಲ್ಲಿಗೂ ನಡುವೆ ಒಂದು ಶಾಲೆ ಕಟ್ಟುವಷ್ಟು ಜಾಗವಿರುತ್ತದೆ.

ನಾವಿರುವುದು ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ, ಕ್ಯೂಬಾದಿಂದ ದಕ್ಷಿಣಕ್ಕೆ. ಬ್ರಿಟನ್ನಿಗೆ ಸೇರಿದ ಈ ನೆಲದಲ್ಲಿ ಆದಾಯ ತೆರಿಗೆ ಇಲ್ಲ. ಆದ್ದರಿಂದ ಲೆಕ್ಕಪರಿಶೋಧಕರಿಗೆ ಬರವೂ ಇಲ್ಲ. ನಮ್ಮ ಯಜಮಾನರು, ಅಂದರೆ ಇವರೂ, ಅವರಲ್ಲೊಬ್ಬರು. ವಾರವಿಡೀ ಕಂಪನಿಗಳ ಲೆಕ್ಕದಲ್ಲಿ ಕಾಣೆಯಾದದ್ದನ್ನು ಹುಡುಕಿ ದಣಿದು, ಶನಿವಾರ ವಿಶ್ರಾಂತಿಗೆಂದು ಸಮುದ್ರದಲ್ಲಿ ಕಾಣೆಯಾದದ್ದನ್ನು ಹುಡುಕುತ್ತಾರೆ. ಕಿವಿಗೆ ಹೆಡ್‌ಫೋನ್, ಒಂದು ಕೈಯಲ್ಲಿ ಲೋಹಶೋಧಕ, ಇನ್ನೊಂದರಲ್ಲಿ ಉದ್ದ ಹಿಡಿಯ, ಮೈತುಂಬ ತೂತುಗಳ ಸ್ಟೀಲ್ ಸಲಿಕೆ. ಬಾರ್ಬಡೋಸ್, ಅರೂಬಾ, ಜಮೈಕಾ, ಹೀಗೆ ಪ್ರವಾಸಿಗರು ಬಂದು ಬೀಳುವ ಕಡೆಯಲ್ಲೆಲ್ಲ ಈ ಹವ್ಯಾಸದವರು ಸಿಗುತ್ತಾರೆ. ಉಂಗುರ ಸಿಕ್ಕರೆ ಸಂತೋಷದಿಂದ ಕೊಟ್ಟಷ್ಟು, ಸಿಗದಿದ್ದರೆ ಏನೂ ಬೇಡ ಎಂಬುದು ಇವರಲ್ಲಿ ಹಲವರ ವಾಡಿಕೆ. ನಮ್ಮ ಮನೆಯಲ್ಲೂ ಅದೇ ದರಪಟ್ಟಿ.

ನನ್ನ ಪಾಲಿಗೆ ಬಂದಿರುವುದು ವಿಚಾರಣೆ. ನಾನು ಶಿವಮೊಗ್ಗದ ವಕೀಲರೊಬ್ಬರ ಮಗಳು. ಚಿಕ್ಕಂದಿನಲ್ಲಿ ಜಗಲಿಯ ಮೇಲೆ ಕೂತು ಬೇಲಿ ಜಗಳದ ಕಕ್ಷಿದಾರರ ಹೇಳಿಕೆ ಕೇಳಿ ಬೆಳೆದವಳು. ಮರದ ಕೊಂಬೆ ಯಾವ ಕಡೆಗೆ ಬಿತ್ತು ಎಂದು ಅಪ್ಪ ಮೂರು ರೀತಿಯಲ್ಲಿ ಕೇಳುತ್ತಿದ್ದರು, ಮೂರು ಉತ್ತರ ಬರುತ್ತಿದ್ದವು. ಆ ಶಿಕ್ಷಣ ಕೆರಿಬಿಯನ್ನಿನಲ್ಲಿ ಉಪಯೋಗಕ್ಕೆ ಬರುತ್ತದೆಂದು ಅಪ್ಪನಿಗೂ ಹೊಳೆದಿರಲಾರದು.

ಮೊದಲು ಉಂಗುರದ ಪರವಾಗಿ ಒಂದು ಮಾತು. ಅದು ತಾನಾಗಿ ಓಡಿಹೋಗುವುದಿಲ್ಲ, ನಾವೇ ಓಡಿಸುತ್ತೇವೆ. ಇಲ್ಲಿನ ಸಮುದ್ರ ಎಷ್ಟೇ ಬೆಚ್ಚಗೆಂದರೂ ನೀರು ಮೈಯ ಶಾಖಕ್ಕಿಂತ ತಣ್ಣಗೇ ಇರುತ್ತದೆ. ನೀರಿಗಿಳಿದ ಸ್ವಲ್ಪ ಹೊತ್ತಿಗೆ ಬೆರಳಿನ ರಕ್ತನಾಳಗಳು ಮುದುಡಿ ಬೆರಳು ತೆಳ್ಳಗಾಗುತ್ತದೆ. ಅದರ ಮೇಲೆ ಬಿಸಿಲಿಗೆಂದು ಮೆತ್ತಿಕೊಂಡ ಕ್ರೀಮಿನ ಜಾರಿಕೆ. ಮನೆಯಲ್ಲಿ ಸೋಪು ಹಚ್ಚಿ ಎಳೆದರೂ ಬಾರದ ಉಂಗುರ, ಚೆಂಡು ಎಸೆದ ರಭಸಕ್ಕೆ ಇಲ್ಲಿ ಚೆಂಡಿಗಿಂತ ಮುಂದೆ ಹೋಗುತ್ತದೆ. ಇನ್ನು ಕೆಲವರು ಜಾಣರು. ನೀರಿಗಿಳಿಯುವ ಮೊದಲೇ ಉಂಗುರ ತೆಗೆದು ಟವೆಲಿನ ಮಡಿಕೆಯಲ್ಲಿ ಜೋಪಾನವಾಗಿ ಇಡುತ್ತಾರೆ, ಆಮೇಲೆ ಮರಳು ಹೋಗಲೆಂದು ಆ ಟವೆಲನ್ನು ಚೆನ್ನಾಗಿ ಒದರುತ್ತಾರೆ.

ಬಿದ್ದ ಮೇಲೆ ಅದು ಮರಳಿನ ಮೇಲೆ ಹೊಳೆಯುತ್ತಾ ಕಾಯುವುದಿಲ್ಲ. ಚಿನ್ನದ ಸಾಂದ್ರತೆ ನೀರಿನ 19 ಪಟ್ಟಿಗಿಂತ ಹೆಚ್ಚು, ಮರಳಿನದು ಮೂರು ಪಟ್ಟೂ ಇಲ್ಲ. ಅಲೆ ಕಲಕಿದ ಹಾಗೆಲ್ಲ ಉಂಗುರ ಒಂದೊಂದು ಮೆಟ್ಟಿಲು ಕೆಳಗಿಳಿಯುತ್ತದೆ. ಇಲ್ಲಿನ ಬೆಳ್ಳನೆಯ ಮರಳಿಗೂ ಒಂದು ಕಥೆಯಿದೆ. ಚಿಪ್ಪು ಮತ್ತು ಪಾಚಿಯ ಪುಡಿಯ ಜೊತೆಗೆ ಅದರಲ್ಲಿ ಗಿಣಿಮೀನುಗಳ ಕೊಡುಗೆಯೂ ಧಾರಾಳವಾಗಿದೆ. ಆ ಮೀನುಗಳು ಹವಳದ ಬಂಡೆಯನ್ನು ಕೆರೆದು ತಿಂದು, ಅರೆದು, ಹಿಂದಿನಿಂದ ಮರಳಾಗಿ ಬಿಡುತ್ತವೆ. ಶಕುಂತಲೆಯ ಕಾಲದಲ್ಲಿ ಉಂಗುರ ಮೀನಿನ ಹೊಟ್ಟೆಯಲ್ಲಿತ್ತು. ಇಲ್ಲಿ ಮೀನಿನ ಹೊಟ್ಟೆಯಿಂದ ಬಂದದ್ದರಲ್ಲಿ ಇರುತ್ತದೆ. ಈ ಮಾಹಿತಿಯನ್ನು ಮಧುಚಂದ್ರಕ್ಕೆ ಬಂದವರಿಗೆ ನಾವು ಹೇಳುವುದಿಲ್ಲ.

ಯಂತ್ರವಿದ್ದ ಮೇಲೆ ಚಿಂತೆಯೇನು ಎಂದು ಜನ ಕೇಳುತ್ತಾರೆ. ಯಂತ್ರಕ್ಕೆ ವಜ್ರ ಕಾಣಿಸುವುದಿಲ್ಲ, ಲೋಹವಷ್ಟೇ ಕೇಳಿಸುತ್ತದೆ. ಅದರ ತಳದ ಸುರುಳಿಯಿಂದ ಹೊರಟ ಕಾಂತಕ್ಷೇತ್ರ ಮರಳಿನೊಳಗಿನ ಲೋಹದಲ್ಲಿ ಸಣ್ಣ ವಿದ್ಯುತ್ತು ಹುಟ್ಟಿಸುತ್ತದೆ, ಅದರ ಮಾರುತ್ತರವನ್ನು ಯಂತ್ರ ದನಿಯಾಗಿಸಿ ಪಕ್ಕದಲ್ಲೊಂದು ಅಂಕಿ ತೋರಿಸುತ್ತದೆ. ಉಪ್ಪುನೀರಿಗೂ ವಿದ್ಯುತ್ತು ಹರಿಸುವ ಚಾಳಿ ಇರುವುದರಿಂದ, ಸಾಧಾರಣ ಯಂತ್ರವನ್ನು ಒದ್ದೆ ಮರಳಿನ ಮೇಲೆ ಹಿಡಿದರೆ ಸಮುದ್ರವೇ ಚಿನ್ನವೆಂದು ಕೂಗಿಕೊಳ್ಳುತ್ತದೆ. ಹಲವು ಆವರ್ತನಗಳಲ್ಲಿ ಒಟ್ಟಿಗೆ ಕೆಲಸ ಮಾಡುವ ಬೆಲೆಬಾಳುವ ಯಂತ್ರವೇ ಬೇಕೆಂದು ಇವರು ನನ್ನನ್ನು ಒಪ್ಪಿಸಿದ್ದು ಈ ವಾದದಿಂದಲೇ. ಆದರೆ ಎಷ್ಟೇ ಬೆಲೆ ಕೊಟ್ಟರೂ ತೀರದ ಸಂಕಟ ಒಂದಿದೆ: ತೆಳ್ಳಗಿನ ಚಿನ್ನದುಂಗುರಕ್ಕೂ ಚಾಕೊಲೇಟಿನ ಬೇಗಡೆಗೂ ತಂಪು ಪಾನೀಯದ ಡಬ್ಬಿಯ ಮೇಲಿನ ಅಲ್ಯುಮಿನಿಯಂ ಕಿವಿಗೂ ಯಂತ್ರ ಹೆಚ್ಚುಕಡಿಮೆ ಒಂದೇ ಅಂಕಿ ಕೊಡುತ್ತದೆ. ಕಸವನ್ನು ಬಿಟ್ಟುಬಿಡು ಎಂದು ಅದಕ್ಕೆ ಹೇಳಿದರೆ ಅದು ವಿಧೇಯವಾಗಿ ಚಿನ್ನವನ್ನೂ ಬಿಟ್ಟುಬಿಡುತ್ತದೆ. ಹೀಗಾಗಿ ಒಂದು ಮದುವೆ ಉಂಗುರಕ್ಕಾಗಿ ಅಗೆಯುವವನು ಮೊದಲು ನೂರಾರು ಜನ ಕುಡಿದುಹೋದದ್ದರ ಲೆಕ್ಕ ತೆಗೆಯಬೇಕಾಗುತ್ತದೆ. ಬಾಟಲಿಯ ಮುಚ್ಚಳಗಳ ವಿಷಯದಲ್ಲಂತೂ ಇವರಿಗೆ ಈಗ ವೈಯಕ್ತಿಕ ದ್ವೇಷ ಬೆಳೆದಿದೆ.

ಆದ್ದರಿಂದಲೇ ಜಾಗ ಮುಖ್ಯ. ಹತ್ತು ಅಡಿ ಚೌಕವಾದರೆ ಗದ್ದೆ ಉತ್ತ ಹಾಗೆ ಸಾಲು ಹಿಡಿದು, ಒಂದು ಸಾಲಿನ ಅಂಚು ಇನ್ನೊಂದರ ಮೇಲೆ ಬರುವಂತೆ ಹೋಗಿಬಿಡಬಹುದು. ‘ಇಡೀ ಬೀಚು’ ಎಂದರೆ ಯಾವ ಯಂತ್ರವೂ ಸಾಲದು. ಇಲ್ಲಿನ ಪ್ರಸಿದ್ಧ ಬೀಚಿನ ಹೆಸರು ಸೆವೆನ್ ಮೈಲ್ ಬೀಚ್. ಅಳೆದವರು ಅದು ಏಳು ಮೈಲಿ ಇಲ್ಲ ಎನ್ನುತ್ತಾರೆ. ಜಮೈಕಾದ ನೆಗ್ರಿಲ್‌ನಲ್ಲೂ ಅದೇ ಹೆಸರಿನ ಇನ್ನೊಂದಿದೆ, ಅದೂ ಏಳು ಮೈಲಿ ಇಲ್ಲ. ನೆಲವೇ ಹೀಗೆ ಹೇಳಿಕೆ ಕೊಡುವ ಕಡೆ ಪ್ರವಾಸಿಗರ ಮಾತನ್ನು ಎಷ್ಟು ನಂಬುವುದು?

ಈ ತೊಂದರೆ ಯಂತ್ರದಷ್ಟೇ ಹಳೆಯದು. 1881ರ ಜುಲೈಯಲ್ಲಿ ಅಮೆರಿಕದ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡು ತಗುಲಿತು. ಮೈಯೊಳಗೆ ಗುಂಡು ಎಲ್ಲಿದೆಯೆಂದು ಪತ್ತೆಮಾಡಲು, ಟೆಲಿಫೋನಿನ ಅಲೆಕ್ಸಾಂಡರ್ ಗ್ರಹಾಂ ಬೆಲ್ ಒಂದು ಲೋಹಶೋಧಕ ಮಾಡಿಕೊಂಡು ಬಂದರು. ಗುಂಡು ಬಲಗಡೆಯೇ ಇದೆಯೆಂದು ಮುಖ್ಯ ವೈದ್ಯರ ಹಟ, ಹುಡುಕಿದ್ದೂ ಬಲಗಡೆಯೇ. ಹಾಸಿಗೆಯೊಳಗಿನ ಲೋಹದ ಸ್ಪ್ರಿಂಗುಗಳು ಬೇರೆ ನಡುವೆ ಬಾಯಿ ಹಾಕಿದವು. ಸೆಪ್ಟೆಂಬರಿನಲ್ಲಿ ಅಧ್ಯಕ್ಷರು ತೀರಿಕೊಂಡ ಮೇಲೆ ನೋಡಿದರೆ ಗುಂಡು ಎಡಗಡೆ ಇತ್ತು. ಆ ವೈದ್ಯರನ್ನು ಯಾರಾದರೂ ಮೂರು ರೀತಿಯಲ್ಲಿ ಕೇಳಬೇಕಿತ್ತು.

ನಾನು ಕೇಳುತ್ತೇನೆ. ಒಮ್ಮೆ ಅಮೆರಿಕದಿಂದ ಬಂದ ನವದಂಪತಿಯ ಪ್ರಕರಣ. ಹೆಂಡತಿಯ ಉಂಗುರ ಈಜುವಾಗ ‘ಜಾರಿತು’ ಎಂದು ಗಂಡನೇ ಹೇಳಿಕೆ ಕೊಟ್ಟ. ಆಕೆ ದೂರದ ಹಡಗನ್ನು ನೋಡುತ್ತಾ ತಲೆಯಾಡಿಸಿದಳು. ನೀರು ಎಷ್ಟು ಆಳವಿತ್ತು ಎಂದು ಕೇಳಿದೆ. ಸೊಂಟದವರೆಗೆ ಎಂದ ಅವನು. ನಾನು ನೀರಿಗೇ ಇಳಿದಿರಲಿಲ್ಲ ಎಂದಳು ಅವಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಅಪ್ಪನ ಕೋರ್ಟಿನಲ್ಲಾಗಿದ್ದರೆ ಇಲ್ಲಿಗೆ ವಾಯಿದೆ ಕೇಳುತ್ತಿದ್ದರು.

ಜಾರಿದ ಉಂಗುರ ಕಾಲಬುಡದಲ್ಲಿರುತ್ತದೆ, ಎಸೆದ ಉಂಗುರ ತೋಳಿನ ಬಲಕ್ಕೆ ತಕ್ಕಷ್ಟು ದೂರದಲ್ಲಿರುತ್ತದೆ. ಈ ವ್ಯತ್ಯಾಸಕ್ಕೆಂದೇ ಇವರ ಚೀಲದಲ್ಲಿ ಉಂಗುರದ ತೂಕದ ಕೆಲವು ವಾಷರುಗಳಿರುತ್ತವೆ, ಒಂದೊಂದಕ್ಕೂ ಕೆಂಪು ರಿಬ್ಬನ್ನಿನ ಬಾಲ. ಕಳೆದುಕೊಂಡವರು ನಿಂತಿದ್ದ ಜಾಗದಲ್ಲೇ ನಿಂತು, ಎಸೆದ ಹಾಗೆಯೇ ಮತ್ತೆ ಎಸೆಯಬೇಕು. ಸ್ಥಳ ಮಹಜರು ಅನ್ನಿ. ಆಕೆ ವಾಷರು ತೆಗೆದುಕೊಂಡು, ಗಂಡನ ಕಡೆಗೊಮ್ಮೆ ನೋಡಿ, ದೇವರಿಗೆ ಹೂವು ಹಾಕುವ ನಯದಿಂದ ಅದನ್ನು ಮುಂದಕ್ಕೆ ಬಿಟ್ಟಳು. ಎರಡು ಮಾರು ದೂರ ಬಿತ್ತು. ಇವರು ಅಲ್ಲಿ ಹುಡುಕಲು ಹೊರಟರು. ನಾನು ಆ ಹುಡುಗನನ್ನು ಎಳನೀರು ತರಲು ಕಳಿಸಿದೆ.

‘ಈಗ ಎಸೆಯಮ್ಮ’ ಎಂದೆ.

ಆಕೆ ಕಣ್ಣು ಮುಚ್ಚಿದಳು. ಏನನ್ನೋ ನೆನಪಿಸಿಕೊಂಡಳು. ಏನೆಂದು ನಾನು ಕೇಳಲಿಲ್ಲ, ಅದು ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ. ವಾಷರು ಹೋದ ಎತ್ತರಕ್ಕೆ ಒಂದು ಸಮುದ್ರಹಕ್ಕಿ ದಾರಿ ಬದಲಿಸಿತು. ಕೆಂಪು ಬಾಲ ಮುಳುಗಿದ ಜಾಗದ ಆಸುಪಾಸಿನಲ್ಲಿ, ಎದೆಮಟ್ಟ ನೀರಿನಲ್ಲಿ ಇವರು ಸಾಲು ಹಿಡಿದರು. ಮುಳುಗುಗನ್ನಡಕ, ಹಲವು ಡಬ್ಬಿಕಿವಿಗಳು, ಒಂದು ಹೇರ್‌ಪಿನ್ನು, ಆಮೇಲೆ ಸಲಿಕೆಯ ತೂತುಗಳಿಂದ ಮರಳೆಲ್ಲ ಸೋರಿಹೋಗಿ ಮುದ್ದೆಮಾಲು ಉಳಿಯಿತು. ಎಳನೀರು ಹಿಡಿದು ಬಂದ ಗಂಡ ಉಂಗುರ ಸಿಕ್ಕ ದೂರವನ್ನು ಕಣ್ಣಿನಲ್ಲೇ ಅಳೆದು, ‘ಇಷ್ಟು ದೂರವೇ?’ ಎಂದ. ಸಮುದ್ರದ ಸೆಳೆತ ಎಂದು ಇವರು ವಿವರಿಸಿದರು. ಲೆಕ್ಕಪರಿಶೋಧಕರಿಗೆ ಇಂಥ ವಿವರಣೆಗಳು ಅಭ್ಯಾಸ.

ಸೂರ್ಯಾಸ್ತದಲ್ಲಿ ಮಂಡಿಯೂರಿ ಪೆಟ್ಟಿಗೆ ತೆರೆಯುವಾಗ ಉಂಗುರ ಬೀಳಿಸುವ ವರರದ್ದು ಸುಲಭದ ಕೇಸು. ಒಣಮರಳು, ಹೊಸ ಘಟನೆ, ಜಾಗವೂ ಖಚಿತ. ಕಷ್ಟ ಕೊಡುವವರು ಸಹಾಯಕ್ಕೆ ಬಂದ ಸಜ್ಜನರು. ಹೋಟೆಲಿನ ಅರ್ಧ ಜನ ಕೈಯಲ್ಲೇ ಮರಳು ಬಗೆದು, ತುಳಿದು, ಎರಡಂಗುಲದಲ್ಲಿದ್ದ ಉಂಗುರವನ್ನು ಒಂದು ಗೇಣಿಗೆ ಇಳಿಸಿಬಿಡುತ್ತಾರೆ.

ರಾಯರ ಪ್ರಕರಣವನ್ನು ಮಾತ್ರ ವಿವರವಾಗಿ ಹೇಳಬೇಕು. ಬೆಂಗಳೂರಿನ ದೇವಿ ಶೆಟ್ಟಿಯವರ ಸಂಸ್ಥೆ 2014ರಲ್ಲಿ ಇಲ್ಲಿ ಆಸ್ಪತ್ರೆ ತೆರೆದ ಮೇಲೆ ದ್ವೀಪದಲ್ಲಿ ಕನ್ನಡ ಕಿವಿಗೆ ಬೀಳುವುದು ಅಪರೂಪವೇನಲ್ಲ. ಪರಿಚಯದ ಡಾಕ್ಟರೊಬ್ಬರ ತಂದೆ ದಾವಣಗೆರೆಯಿಂದ ಬಂದಿದ್ದರು. ಕುಜದೋಷಕ್ಕೆಂದು ಜೋಯಿಸರು ಹಾಕಿಸಿದ್ದ ಹವಳದ ಉಂಗುರ ಅವರ ಬೆರಳಿನಲ್ಲಿತ್ತು, ಈಗ ಇರಲಿಲ್ಲ. ಆ ಕೆಂಪು ಹವಳ ಹುಟ್ಟುವುದು ಮೆಡಿಟರೇನಿಯನ್ ಸಮುದ್ರದಲ್ಲಿ. ಇಲ್ಲಿ ಅದಕ್ಕಿರುವುದು ದೂರದ ನೆಂಟರು. ಆದರೂ ನೆಂಟರ ಮನೆ ಸಿಕ್ಕ ಕೂಡಲೇ ಇಳಿದುಹೋಗಿದೆ ಎಂದು ರಾಯರಿಗೆ ಅನುಮಾನ.

‘ನೀರಿನಲ್ಲಿ ನಿಂತು ಅರ್ಘ್ಯ ಕೊಡುತ್ತಿದ್ದೆನಮ್ಮ. ಅಂಜಲಿಯಿಂದ ನೀರು ಬಿಟ್ಟೆ, ನೀರಿನ ಜೊತೆ ಅದೂ ಹೋಯಿತು. ಇದೋ, ಹೀಗೆ ಮುಂದಕ್ಕೆ’ ಎಂದು ಸಮುದ್ರದ ಕಡೆ ತೋರಿಸಿದರು. ಮಗ, ಸೊಸೆ, ಅಕ್ಕಪಕ್ಕದವರು ಎಲ್ಲ ಸಮುದ್ರದ ಕಡೆಯೇ ಕುತ್ತಿಗೆಯವರೆಗೆ ಇಳಿದು ಹುಡುಕಿ ಕಣ್ಣು ಕೆಂಪು ಮಾಡಿಕೊಂಡಿದ್ದರು.

‘ಬೆಳಗಿನ ಅರ್ಘ್ಯವೋ, ಸಂಜೆಯದೋ ರಾಯರೇ?’

‘ಬೆಳಗಿನದು. ಸಂಜೆ ಇಲ್ಲಿ ಸಂಗೀತದ ಗಲಾಟೆ.’

‘ಮುಖ ಯಾವ ಕಡೆ ಮಾಡಿದ್ದಿರಿ?’

‘ಅದೇನು ಕೇಳುತ್ತೀಯಮ್ಮ? ಪೂರ್ವಕ್ಕೆ.’

ಸೆವೆನ್ ಮೈಲ್ ಬೀಚ್ ಇರುವುದು ದ್ವೀಪದ ಪಶ್ಚಿಮ ದಡದಲ್ಲಿ. ಪೂರ್ವಕ್ಕೆ ಮುಖ ಮಾಡಿದವರ ಬೆನ್ನಿಗೆ ಸಮುದ್ರ, ಎದುರಿಗೆ ಹೋಟೆಲು. ರಾಯರು ಸೂರ್ಯನಿಗೆಂದು ಬಿಟ್ಟ ನೀರು ಭೌಗೋಳಿಕವಾಗಿ ಬಿದ್ದದ್ದು ದಡದ ಕಡೆಗೆ. ಇದನ್ನು ನಿವೇದಿಸಿಕೊಂಡಾಗ ಅವರು ಸ್ವಲ್ಪ ಹೊತ್ತು ಸೂರ್ಯನನ್ನೂ ಹೋಟೆಲನ್ನೂ ನೋಡಿ, ‘ಸಮುದ್ರ ಎಂದ ಮೇಲೆ ಮುಂದೆ ಇರುತ್ತದಲ್ಲವೇ?’ ಎಂದರು. ಇಲ್ಲಿ ಭರತ–ಇಳಿತದ ಏರಿಳಿತ ಅರ್ಧ ಮೀಟರಿನಷ್ಟೂ ಇಲ್ಲದಿರುವುದರಿಂದ ಅವರು ನಿಂತ ಮೊಣಕಾಲುದ್ದದ ನೀರು ಇನ್ನೂ ಅಲ್ಲೇ ಇತ್ತು. ಇವರು ರಾಯರನ್ನು ಅದೇ ಜಾಗದಲ್ಲಿ ನಿಲ್ಲಿಸಿ, ದಡದ ಕಡೆಗೆ ಯಂತ್ರ ತಿರುಗಿಸಿದರು. 22 ಕ್ಯಾರೆಟ್ಟಿನ ದಪ್ಪ ಕಟ್ಟು. ಈ ಕಡೆಯವರ 14 ಕ್ಯಾರೆಟ್ಟಿನ ಎಳೆಗಳ ಹಾಗೆ ಪಿಸುಗುಟ್ಟಲಿಲ್ಲ, ನನಗೂ ಕೇಳುವಂತೆ ಹೆಡ್‌ಫೋನಿನಿಂದಾಚೆಗೆ ಕೂಗಿತು.

ರಾಯರು ಅಲ್ಲಿಂದಲೇ ದಾವಣಗೆರೆಗೆ ಫೋನ್ ಮಾಡಿದರು. ಅಲ್ಲಿ ಆಗ ಸಂಜೆಯಾಗಿತ್ತು. ಉಂಗುರ ತಾನಾಗಿ ಬಿಟ್ಟುಹೋಯಿತೆಂದರೆ ದೋಷ ಕಳೆಯಿತೆಂದೇ ಅರ್ಥ, ಇನ್ನು ಅದು ಬೇಡ ಎಂದರಂತೆ ಜೋಯಿಸರು. ಮತ್ತೆ ಸಿಕ್ಕಿತಲ್ಲ ಎಂದಾಗ, ಹಾಗಾದರೆ ಹಾಕಿಕೊಳ್ಳಿ ಎಂದರಂತೆ. ವಿಚಾರಣೆಯಲ್ಲಿ ನನಗಿಂತ ಪಳಗಿದವರು.

ಹೊರಡುವಾಗ ರಾಯರು ಇವರ ಕೈಗೆ ಅರಿಶಿನ ಹಚ್ಚಿದ ಲಕೋಟೆಯೊಂದನ್ನು ಇಟ್ಟರು. ಒಳಗೆ ಭಾರತದ ನೋಟಿನಲ್ಲಿ ನೂರು ರೂಪಾಯಿ, ಮೇಲೊಂದು ರೂಪಾಯಿಯ ನಾಣ್ಯ. ಅಲ್ಲೇ ನಿಂತು ಇವರು ಆ ನಾಣ್ಯವನ್ನು ಮರಳಿನಲ್ಲಿ ಹೂತು ಯಂತ್ರ ಹಿಡಿದು ನೋಡಿದರು. ಸ್ಟೀಲಿನ ನಾಣ್ಯ ಪಾಪ. ಯಂತ್ರ ಅದನ್ನು ಬಾಟಲಿಯ ಮುಚ್ಚಳವೆಂದು ತೀರ್ಮಾನಿಸಿತು. ರಾಯರು ಬಗ್ಗಿ ಪರದೆಯ ಅಂಕಿ ನೋಡಿ, ‘ರಿಪೇರಿಗೆ ಕೊಡಿ ಇದನ್ನು’ ಎಂದು ಸಲಹೆ ಕೊಟ್ಟು ಕಾರು ಹತ್ತಿದರು.